ಹೊರಟು ನಿಂತವರ ಫೋಟೋ

ಯಾವುದಾದರೂ ಅಂಗಡಿಯ ಎದುರು ಅವನು ಕ್ಯಾಮೆರಾ ಹಿಡಿದು ನಿಂತನೆಂದರೆ ಆ ಅಂಗಡಿಯವನು ಬೇರೆ ಜಾಗ ನೋಡಿಕೊಳ್ಳುವುದು ಒಳ್ಳೆಯದು ಎಂದು ಊರಿನ ಜನ ಹೇಳುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು, ಆದರೆ ಬೆಂಕಿಯಿಲ್ಲದೆ ಹೊಗೆಯಾಡೀತೇ? ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕನ ಫೋಟೋ ತೆಗೆದ, ಸ್ವಲ್ಪ ದಿನದಲ್ಲೇ ಆ ಗೂಡಿಗೆ ಬೀಗ ಬಿತ್ತು. ಹಳೆಯ ಚಿತ್ರಮಂದಿರದ ಟಿಕೆಟ್ ಕಿಟಕಿಯ ಫೋಟೋ ತೆಗೆದ, ಚಿತ್ರಮಂದಿರವೇ ನೆಲಸಮವಾಯಿತು. ಹೊಳೆಯ ಮೇಲಿನ ಮರದ ಸೇತುವೆಯ ಫೋಟೋ ಪತ್ರಿಕೆಯಲ್ಲಿ ಅಚ್ಚಾದ ದಿನವೇ ಅದನ್ನು ಬಿಚ್ಚಲು ಕೂಲಿಯವರು ಬಂದಿದ್ದರು. ಬಸ್ ನಿಲ್ದಾಣದ ಟೀ ಅಂಗಡಿಯವನಂತೂ ಅವನ ಹೆಗಲ ಚೀಲ ಕಂಡರೆ ಸಾಕು, ಎರಡೂ ಕೈ ಎತ್ತುತ್ತಿದ್ದ.

"ಅಣ್ಣಾ, ನಿಮ್ಮ ದಮ್ಮಯ್ಯ, ಅದನ್ನ ಆ ಕಡೆ ತಿರುಗಿಸ್ಕೊಳ್ಳಿ. ನನಗಿನ್ನೂ ಮಗಳ ಮದುವೆ ಮಾಡೋದಿದೆ."

ಹೀಗೆ ಅವನಿಗೆ 'ಕೊನೇ ಫೋಟೋ' ಎಂಬ ಹೆಸರು ಬಿದ್ದಿತು. ಅವನಿಗೇನೂ ಬೇಸರವಿರಲಿಲ್ಲ, ಒಳಗೊಳಗೇ ಸ್ವಲ್ಪ ಜಂಬವೇ ಇತ್ತು. ಅವನ ಕಣ್ಣು ಕೆಟ್ಟದ್ದಾಗಿರಲಿಲ್ಲ, ಮೂಗು ಮಾತ್ರ ಬಲು ಚುರುಕು. ಅಡುಗೆಮನೆಯಲ್ಲಿ ಹಾಲು ಕಾಯುತ್ತಿದ್ದರೆ ಬೆಕ್ಕಿಗೆ ಹೇಗೆ ತಿಳಿಯುತ್ತದೋ ಹಾಗೆ, ಒಂದು ವಸ್ತುವೋ ಒಬ್ಬ ಮನುಷ್ಯನೋ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂಬುದು ಅವನಿಗೆ ತಿಳಿದುಬಿಡುತ್ತಿತ್ತು. ತಿಳಿದ ಕ್ಷಣ ಬಲಗೈಯ ತೋರುಬೆರಳು ಕಡಿಯಲು ತೊಡಗುತ್ತಿತ್ತು. ಗಟ್ಟಿಮುಟ್ಟಾಗಿರುವುದನ್ನು ಕಂಡರೆ ಆ ಬೆರಳು ನಿದ್ದೆ ಹೊಡೆಯುತ್ತಿತ್ತು.

ಅವನನ್ನು 'ಕೊನೇ ಫೋಟೋ' ಎಂದು ಕರೆಯದೆ ಇದ್ದವಳು ಅವನ ಅಕ್ಕ ಒಬ್ಬಳೇ. ಅವಳು ಕರೆಯುತ್ತಿದ್ದುದು 'ಗೂಬೆ' ಎಂದು. ಅವನು ಪುಟ್ಟವನಿದ್ದಾಗ ಅಮ್ಮ ತೀರಿಹೋದಳು. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು. ಕಣ್ಣು ಪಿಳಿಪಿಳಿ ಬಿಡುತ್ತ ಎಲ್ಲರನ್ನೂ ದಿಟ್ಟಿಸುತ್ತಿದ್ದ ಅವನಿಗೆ ಅವಳಿಟ್ಟ ಹೆಸರು ಅದು, ಐವತ್ತು ದಾಟಿದರೂ ಹೋಗಲಿಲ್ಲ.

ಅಕ್ಕನದು ಲಾಂಡ್ರಿ ಅಂಗಡಿ. ಕಿರಿದಾದ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಒಳಗೆ ಕಾಲಿಟ್ಟರೆ ಸೋಪಿನ ಮತ್ತು ಬಿಸಿ ಬಟ್ಟೆಯ ವಾಸನೆ. ಛಾವಣಿಗೆ ಕಟ್ಟಿದ ಕಂಬಿಯಿಂದ ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗಾಡುತ್ತಿದ್ದವು. ಪ್ರತಿಯೊಂದರ ಕಾಲರಿಗೂ ನಂಬರು ಬರೆದ ಬಟ್ಟೆಯ ಚೂರು. ಮೂಲೆಯಲ್ಲಿ ಹಬೆಯ ಇಸ್ತ್ರಿ ಯಂತ್ರ. ಅದರ ಮುಚ್ಚಳ ಎತ್ತಿದಾಗಲೆಲ್ಲ ಬುಸ್ಸೆಂದು ಹಬೆ ಏಳುತ್ತಿತ್ತು, ಅಕ್ಕ ಅದರೊಳಗೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಳು. ಭಾವ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಎಲ್ಲರಿಗೂ ಅವಳು 'ಮರಿ'. ಬೆಳಿಗ್ಗೆ ಎದ್ದು ಸೈಕಲ್ ಮೇಲೆ ಮನೆಮನೆಗೆ ಹೋಗಿ ಬಟ್ಟೆ ತರುವುದು, ಸಂಜೆ ತಲುಪಿಸುವುದು ಅವಳ ಕೆಲಸ. ನಮ್ಮ ಫೋಟೋಗ್ರಾಫರನಿಗೆ ಮದುವೆ ಗಿದುವೆ ಆಗಿರಲಿಲ್ಲ. ಅಕ್ಕನ ಮನೆಯ ಊಟ, ಅಕ್ಕ ಇಸ್ತ್ರಿ ಹಾಕಿದ ಅಂಗಿ, ಅಕ್ಕನ ಬೈಗುಳ, ಇವುಗಳ ಮೇಲೆ ಅವನ ಬದುಕು ಆರಾಮಾಗಿ ನಡೆದಿತ್ತು.

ಒಮ್ಮೆ ಊರಿನ ದೊಡ್ಡ ಸಭಾಂಗಣದಲ್ಲಿ ಅವನ ಫೋಟೋಗಳ ಪ್ರದರ್ಶನವಾಯಿತು. ಅಕ್ಕ ಅಂಗಡಿಗೆ ರಜೆ ಹಾಕಿ ಬಂದಿದ್ದಳು. ಮಾತುಕತೆಯ ಹೊತ್ತಿನಲ್ಲಿ ಒಬ್ಬ ಹುಡುಗಿ ಎದ್ದು, ಇಷ್ಟು ದೊಡ್ಡ ಊರಿನಲ್ಲಿ ಯಾರ ಫೋಟೋ ತೆಗೆಯಬೇಕೆಂದು ಹೇಗೆ ಆರಿಸುತ್ತೀರಿ ಎಂದು ಕೇಳಿದಳು. ಅವನು ಕತ್ತನ್ನು ಸ್ವಲ್ಪ ಓರೆ ಮಾಡಿಕೊಂಡು ಯೋಚಿಸುವವನಂತೆ ನಿಂತ. ಉತ್ತರ ಹಿಂದಿನ ದಿನವೇ ಸಿದ್ಧವಾಗಿತ್ತು.

"ನಾನು ಆರಿಸೋದಿಲ್ಲ. ಹೊರಟು ನಿಂತವರು ಒಂದು ಸಲ ತಿರುಗಿ ನೋಡ್ತಾರೆ. ಆಗ ನಾನಲ್ಲಿ ಇರ್ತೀನಿ, ಅಷ್ಟೆ."

ಚಪ್ಪಾಳೆ ಬಿದ್ದಿತು. ಹಿಂದಿನ ಸಾಲಿನಲ್ಲಿ ಅಕ್ಕ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ತಿಳಿದದ್ದು ಅವನೊಬ್ಬನಿಗೇ.

ಮನೆಗೆ ನಡೆದುಕೊಂಡು ಬರುವಾಗ ಅವಳು ಶುರುಮಾಡಿದಳು. "ಏನೋ ಗೂಬೆ, ದೊಡ್ಡ ದೊಡ್ಡ ಮಾತೆಲ್ಲ ಕಲಿತುಬಿಟ್ಟಿದೀಯ."

"ಕೇಳಿದ್ರು, ಹೇಳ್ದೆ."

"ಊರಲ್ಲಿರೋ ಮುರುಕಲು ಬಾಗಿಲು, ತುಕ್ಕು ಹಿಡಿದ ಬೀಗ ಎಲ್ಲಾ ಗೋಡೆ ಮೇಲಿತ್ತು. ನನ್ನದೊಂದು ಎಲ್ಲೂ ಕಾಣಲಿಲ್ಲವಲ್ಲ? ನನ್ನ ಫೋಟೋ ಯಾವಾಗ ತೆಗೀತೀಯ?"

"ನೀನೆಲ್ಲಿಗೆ ಹೋಗ್ತೀಯ ಅಕ್ಕ? ಗುಂಡುಕಲ್ಲಿನ ಹಾಗಿದೀಯ. ಇರೋವರ ಫೋಟೋ ತೆಗೆಯೋಕೆ ಸ್ಟುಡಿಯೋದವರಿದಾರೆ. ನನ್ನ ಕೆಲಸ ಬೇರೆ."

ಅಕ್ಕ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಡೆದಳು. ಅವಳಿಗೆ ನೋವಾಯಿತು. ಅದನ್ನು ಅವನು ಗಮನಿಸಲಿಲ್ಲ. ಊರೆಲ್ಲ ನೋಡುವ ಕಣ್ಣಿಗೆ ಪಕ್ಕದಲ್ಲಿ ನಡೆಯುವವರ ಮುಖ ಕಾಣದು. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

"ಸರಿ ಬಿಡು," ಎಂದಳು ಆಮೇಲೆ ನಗುತ್ತ. "ನೀನು ಕ್ಯಾಮೆರಾ ಎತ್ಕೊಂಡು ನನ್ನೆದುರು ಬಂದು ನಿಲ್ಲೋವರೆಗೂ ನನಗೇನೂ ಆಗಲ್ಲ ಅಂತಾಯ್ತು. ಡಾಕ್ಟರ ಖರ್ಚು ಉಳೀತು."

ಇಬ್ಬರೂ ನಕ್ಕರು. ಆ ಮಾತು ಅಲ್ಲಿಗೇ ಮುಗಿಯಿತೆಂದು ಅವನು ತಿಳಿದ.

ಅದಾಗಿ ಕೆಲವು ವರ್ಷಗಳ ಮೇಲೆ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಅಜೀರ್ಣ ಎಂದಳು, ಆಮೇಲೆ ವಯಸ್ಸು ಎಂದಳು, ಕೊನೆಗೆ ಮರಿ ಹಟಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮರಿಯನ್ನೂ ಅವನನ್ನೂ ಹೊರಗಿನ ಕಾರಿಡಾರಿಗೆ ಕರೆದರು. ಅವರು ಹೇಳಿದ್ದರ ಸಾರಾಂಶ ಇಷ್ಟು: ಕಾಯಿಲೆ ತುಂಬ ಮುಂದುವರಿದಿದೆ, ಕೊಯ್ದು ತೆಗೆಯುವಂತಿಲ್ಲ, ನೋವಿಗೆ ಮಾತ್ರೆ ಕೊಡಬಹುದು, ಬರುವ ಚಳಿಗಾಲ ದಾಟುವುದು ಕಷ್ಟ.

ಮರಿ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ.

"ಮಾಮ, ಅಮ್ಮನಿಗೆ ಹೇಳೋದು ಬೇಡ," ಎಂದಳು. "ಅಜ್ಜಿಗೆ ಹೀಗೇ ಆದಾಗ ಯಾರೋ ನಿಜ ಹೇಳಿಬಿಟ್ರಂತೆ. ಆವತ್ತು ಗೋಡೆ ಕಡೆ ಮುಖ ಮಾಡಿ ಮಲಗಿದ ಅಜ್ಜಿ ಮತ್ತೆ ಈ ಕಡೆ ತಿರುಗಲೇ ಇಲ್ವಂತೆ. ಅಮ್ಮಾನೇ ಎಷ್ಟು ಸಲ ಹೇಳಿದಾಳೆ. ಅಮ್ಮ ಹಾಗೆ ಮಲಗಬಾರದು. ಇರೋಷ್ಟು ದಿನ ಅಂಗಡಿ, ಬಟ್ಟೆ, ಬೈಗುಳ ಅಂತ ಇದ್ದುಬಿಡ್ಲಿ. ಹೊಟ್ಟೇಲಿ ಹುಣ್ಣು ಅಂತ ಹೇಳೋಣ."

"ಹೂಂ."

"ನಿಮ್ಮ ಬಾಯಿಗೆ ಬೀಗ. ಮುಖದಲ್ಲೂ ಏನೂ ಕಾಣಬಾರದು. ಅಮ್ಮ ನಿಮ್ಮ ಮುಖ ನೋಡಿ ಎಲ್ಲಾ ಹೇಳಿಬಿಡ್ತಾಳೆ."

"ನನ್ನಿಂದ ಒಂದು ಮಾತು ಹೊರಗೆ ಬಂದ್ರೆ ಕೇಳು," ಎಂದ. ಮಾತು ಕೊಟ್ಟದ್ದು ಮನಸ್ಸಿನಿಂದಲೇ. ಅದನ್ನು ಉಳಿಸಿಕೊಂಡ ಕೂಡ: ಒಂದು ಮಾತೂ ಅವನ ಬಾಯಿಂದ ಬೀಳಲಿಲ್ಲ.

ಅಕ್ಕ ಹುಣ್ಣನ್ನು ಸಂತೋಷದಿಂದ ಒಪ್ಪಿಕೊಂಡಳು. ಖಾರ ಬಿಟ್ಟಳು, ಮಾತ್ರೆ ನುಂಗಿದಳು, ಬೋರ್ಡಿಗೆ ಹೊಸ ಬಣ್ಣ ಹೊಡೆಸಬೇಕು, ಎರಡನೆಯ ಇಸ್ತ್ರಿ ಯಂತ್ರ ಕೊಳ್ಳಬೇಕು ಎಂದು ಲೆಕ್ಕ ಹಾಕಿದಳು. ಹಸಿರು ಬಣ್ಣವೋ ನೀಲಿಯೋ ಎಂದು ತಾಯಿ ಮಗಳಿಗೆ ದಿನಾ ಜಗಳ. ಅವನು ದಿನವೂ ಬೆಳಿಗ್ಗೆ ಬಂದು ಕೌಂಟರಿನ ಈಚೆ ಸ್ಟೂಲಿನ ಮೇಲೆ ಕೂತು, ಇಬ್ಬರ ಜಗಳಕ್ಕೂ ತುಪ್ಪ ಸುರಿದು, ನಗಿಸಿ ಹೋಗುತ್ತಿದ್ದ. ಮುಖದ ಮೇಲೆ ನಗು ಅಂಟಿಸಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

ಕಷ್ಟ ಬೇರೊಂದು ಕಡೆಯಿಂದ ಬಂದಿತು. ಒಂದು ಬೆಳಿಗ್ಗೆ ಮರಿ ಬಟ್ಟೆ ತರಲು ಹೋಗಿದ್ದಳು. ಬೀದಿಯ ಬಿಸಿಲು ಗಾಜಿನ ಬಾಗಿಲಿನಿಂದ ಓರೆಯಾಗಿ ಒಳಗೆ ಬಂದು ತೂಗಾಡುವ ಪ್ಲಾಸ್ಟಿಕ್ ಹೊದಿಕೆಗಳ ಮೇಲೆ ಬಿದ್ದಿತ್ತು. ಅಕ್ಕ ಯಂತ್ರದ ಮುಚ್ಚಳ ಎತ್ತಿದಳು. ಹಬೆ ಏರಿತು. ಅದು ಕರಗುವಾಗ ಅವಳ ಮುಖ ಮೆಲ್ಲಗೆ ಹೊರಗೆ ಬಂದಿತು. ಸೊರಗಿದ ಮುಖ, ಎದ್ದು ಕಾಣುವ ಕೆನ್ನೆಯ ಮೂಳೆ, ದೊಡ್ಡದಾದ ಕಣ್ಣು. ಅವಳು ಮುಂಗೈಯಿಂದ ಹಣೆ ಒರೆಸಿಕೊಂಡಳು. ಅಕ್ಕ ಇಷ್ಟು ಚೆಲುವೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆಮೇಲೆ ತೋರುಬೆರಳು ಕಡಿಯತೊಡಗಿತು.

ಅವನು ಬೆಚ್ಚಿಬಿದ್ದ. ಥೂ ಪಾಪಿ ಎಂದು ತನ್ನನ್ನೇ ಬೈದುಕೊಂಡ. ಮಾರನೆಯ ದಿನ ಬೇಕೆಂದೇ ಬರಲಿಲ್ಲ. ಮನೆಯಲ್ಲಿ ಕೂತರೆ ಅದೇ ಹಬೆ, ಅದೇ ಮುಖ. ಇದು ಪ್ರೀತಿ, ಫೋಟೋದ ಆಸೆಯಲ್ಲ ಎಂದು ಮನಸ್ಸಿಗೆ ಹೇಳಿದ. ನಾಳೆ ಅಕ್ಕ ಇರುವುದಿಲ್ಲ, ಮರಿಗೆ ಒಂದು ನೆನಪಾದರೂ ಬೇಡವೇ ಎಂದು ಹೇಳಿದ. ಮನಸ್ಸು ಹೂಂಗುಟ್ಟಿತು, ಬೇಕಾದದ್ದಕ್ಕೆ ಅದು ಯಾವತ್ತು ಹೂಂಗುಟ್ಟಿಲ್ಲ? ಕೊನೆಗೆ ಒಂದು ನೆಪವನ್ನೂ ಹೊಸೆದ. ಕೆಲಸದ ಜಾಗಗಳ ಬಗ್ಗೆ ಪತ್ರಿಕೆಯವರು ಚಿತ್ರ ಕೇಳಿದ್ದಾರೆ ಎನ್ನುವುದು. ಹೇಗೆ ಹೇಳಬೇಕು, ಎಲ್ಲಿ ನಗಬೇಕು ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಬಾಯಿ ಸಿದ್ಧವಾಯಿತು, ಮುಖ ಸಿದ್ಧವಾಯಿತು. ಕೈಯಲ್ಲಿರುವ ವಸ್ತುವೇ ಎಲ್ಲವನ್ನೂ ಹೇಳುತ್ತದೆ ಎಂಬುದು ಮಾತ್ರ ಆ ಜಾಣನ ತಲೆಗೆ ಹೊಳೆಯಲಿಲ್ಲ. ಊರಿನ ಟೀ ಅಂಗಡಿಯವನಿಗೂ ಗೊತ್ತಿದ್ದ ಸಂಗತಿ ಅದು.

ಬೆಳಿಗ್ಗೆ ಮರಿಯ ಸೈಕಲ್ ಬೀದಿಯ ತಿರುವು ದಾಟುವವರೆಗೆ ಕಾದು ಒಳಗೆ ಹೋದ. ಅಕ್ಕ ಯಂತ್ರದ ಹಿಂದೆ ಬಗ್ಗಿ ಯಾವುದೋ ಬಿಳಿ ಅಂಗಿಯ ತೋಳು ಸರಿಮಾಡುತ್ತಿದ್ದಳು. ಅವನು ಚೀಲದಿಂದ ಕ್ಯಾಮೆರಾ ತೆಗೆದು ಕಣ್ಣಿಗಿಟ್ಟುಕೊಂಡ. ಮುಚ್ಚಳ ಏರಿತು, ಹಬೆ ಬುಸ್ಸೆಂದಿತು, ಕರಗಿತು. ಅಕ್ಕ ತಲೆಯೆತ್ತಿದಳು. ತಮ್ಮ ಎಂದು ತಿಳಿದು ನಗು ಬಂದಿತು. ಆಮೇಲೆ ಅವಳು ಕ್ಯಾಮೆರಾ ನೋಡಿದಳು.

ಅವನು ಒತ್ತಿದ. ಬೇಕೆಂದು ಒತ್ತಿದನೋ, ಬೆರಳೇ ಒತ್ತಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ.

ಅಕ್ಕ ಆ ತೋಳನ್ನು ಮುಗಿಸಿದಳು, ಇನ್ನೊಂದು ತೋಳನ್ನೂ ಮುಗಿಸಿದಳು, ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು. "ಎಷ್ಟು ದಿನ ಅಂದ್ರು?"

"ಏನೆಷ್ಟು ದಿನ? ಪತ್ರಿಕೆಯವರು ಕೇಳಿದ್ರು ಅಕ್ಕ, ಕೆಲಸದ ಜಾಗ ಅಂತ ಒಂದು..."

"ಗೂಬೆ."

ಅವನು ಕ್ಯಾಮೆರಾ ಕೆಳಗಿಳಿಸಿದ. ಅಕ್ಕ ಬಂದು ಅವನ ಸ್ಟೂಲಿನ ಮೇಲೆ ಕೂತಳು. ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು.

"ನಾನು ಹುಣ್ಣು ಅಂತಾನೇ ನಂಬಿದ್ದೆ ಕಣೋ," ಎಂದಳು. "ಎಷ್ಟು ಸುಖವಾಗಿ ನಂಬಿದ್ದೆ. ಬೆಳಿಗ್ಗೆ ಎದ್ದಾಗಲೂ ಬೋರ್ಡಿಗೆ ಹಸಿರೇ ಇರಲಿ ಅಂತ ಅಂದ್ಕೊಂಡೆ."

"ಅಕ್ಕ, ತಪ್ಪಾಯ್ತು. ನಾನು..."

"ಮರಿಗೆ ಗೊತ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಅದಕ್ಕೇ ಹಾಗೆ ನಗ್ತಾಳೆ." ಅಕ್ಕ ಬೀದಿಯ ಕಡೆ ನೋಡಿದಳು. "ನಾನು ಹುಚ್ಚಿ, ಯಾವನೋ ಹುಡುಗ ಸಿಕ್ಕಿರಬೇಕು ಅಂದ್ಕೊಂಡಿದ್ದೆ."

ಯಂತ್ರ ಬಿಸಿಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಕಾಯುತ್ತೇನೆಂದು ನಿಂತವನೇ ಅಕ್ಕನ ಉಳಿದಷ್ಟು ನೆಮ್ಮದಿಯನ್ನು ಒಂದು ಕ್ಷಣದಲ್ಲಿ ತಿಂದುಹಾಕಿದ್ದ. ಅವನಿಗೆ ಅಳು ಬಂದಿತು. ಅಕ್ಕ ಅಳುವುದಕ್ಕೆ ಬಿಡಲಿಲ್ಲ.

"ಅತ್ತೆ ಅಂದ್ರೆ ಒದೀತೀನಿ. ಕೇಳು. ನನಗೆ ಗೊತ್ತಾಯ್ತು ಅಂತ ಮರಿಗೆ ಗೊತ್ತಾಗಬಾರದು. ಯಾವತ್ತೂ. ನಾನು ಹೋದ ಮೇಲೂ."

"ಯಾಕಕ್ಕ? ಇಬ್ಬರೂ ಮನಸ್ಸು ಬಿಚ್ಚಿ ಮಾತಾಡ್ಕೊಂಡ್ರೆ..."

"ಆ ಮಗು ಕರುಳು ಕಿತ್ತು ಬರ್ತಿದ್ರೂ ನನಗೋಸ್ಕರ ನಗ್ತಿದೆ. ಆ ನಗುವೆಲ್ಲ ದಂಡ ಆಯ್ತು ಅಂತ ನಾನು ಹೇಳಲಾ? ಅಮ್ಮನ್ನ ಚೆನ್ನಾಗಿ ನೋಡ್ಕೊಂಡೆ ಅನ್ನೋದೊಂದು ಅವಳಿಗೆ ಉಳೀಲಿ. ಮಾತು ಕೊಡು."

ಅವನು ಮಾತು ಕೊಟ್ಟ. ಒಂದೇ ವಿಷಯಕ್ಕೆ ತಾಯಿಗೊಂದು ಮಾತು, ಮಗಳಿಗೊಂದು ಮಾತು.

"ಅದನ್ನ ಚೀಲದಲ್ಲಿ ಹಾಕು. ಇನ್ಮೇಲೆ ಇಲ್ಲಿಗೆ ತರಬೇಡ. ನಿನ್ನ ಕೈಯಲ್ಲಿ ಅದು ಕಂಡ್ರೆ ನನಗೆ ಅರ್ಥವಾದ ಹಾಗೇ ಅವಳಿಗೂ ಅರ್ಥವಾಗುತ್ತೆ."

ಫಿಲ್ಮನ್ನು ಬೆಂಕಿಗೆ ಹಾಕಬೇಕೆಂದುಕೊಂಡೇ ಮನೆಗೆ ಹೋದ. ಹಾಕಲಿಲ್ಲ, ಕತ್ತಲೆಕೋಣೆಯಲ್ಲಿ ತೊಳೆದ. ಪ್ರಿಂಟ್ ಮಾಡಿ ಒಣಗಿಸಲು ಹಾಕಿ ನೋಡಿದರೆ, ಜೀವಮಾನದಲ್ಲಿ ಅಂಥದ್ದೊಂದು ಅವನ ಕೈಯಿಂದ ಬಂದಿರಲಿಲ್ಲ. ತುಟಿಯ ಮೇಲೆ ತಮ್ಮನನ್ನು ಕಂಡ ನಗು ಇನ್ನೂ ಹಾಗೇ ಇತ್ತು. ಕಣ್ಣಿಗೆ ಮಾತ್ರ ಆಗಲೇ ಎಲ್ಲ ತಿಳಿದುಹೋಗಿತ್ತು. ಯಾರು ನೋಡಿದರೂ, ಏನೂ ಗೊತ್ತಿಲ್ಲದವರು ನೋಡಿದರೂ, ಈ ಹೆಂಗಸಿಗೆ ಈ ಕ್ಷಣದಲ್ಲೇ ಏನೋ ಗೊತ್ತಾಯಿತು ಎನ್ನದೆ ಇರುತ್ತಿರಲಿಲ್ಲ. ಇಂಥ ಚಿತ್ರ ತೆಗೆದೆನಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಗಾಗಿ ಅವನು ಆಮೇಲೆ ತನ್ನನ್ನು ಕ್ಷಮಿಸಲೇ ಇಲ್ಲ.

ಪ್ರಿಂಟನ್ನು ಒಗೆಯುವ ಅಂಗಿಗಳ ಗಂಟಿನಲ್ಲಿ ಬಚ್ಚಿಟ್ಟುಕೊಂಡು ಒಯ್ದು, ಮರಿ ಇಲ್ಲದ ಹೊತ್ತಿನಲ್ಲಿ ಅಕ್ಕನಿಗೆ ತೋರಿಸಿದ. ಅವಳು ಕೈ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಒಯ್ದು ನೋಡಿದಳು.

"ನೀನು ಇಷ್ಟು ಚೆನ್ನಾಗಿ ತೆಗೀತೀಯ ಅಂತ ಗೊತ್ತಿರಲಿಲ್ಲ," ಎಂದಳು. ತಮಾಷೆ ಇರಲಿಲ್ಲ ಆ ಮಾತಿನಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ಯಾಕೋ ತೆಗೆದೆ?" ಎಂದು ಕೇಳಿದಳು.

"ಚೆನ್ನಾಗಿ ಕಂಡೆ ಅಕ್ಕ."

"ಮೊದಲು ಕಾಣ್ತಿರಲಿಲ್ವಾ?"

ಸಭಾಂಗಣದಲ್ಲಿ ಆ ಹುಡುಗಿ ಕೇಳಿದ್ದೂ ಇದನ್ನೇ. ಅವಳಿಗೆ ಕೊಡಲು ಉತ್ತರವಿತ್ತು. ಈಗ ಅವನು ಕೌಂಟರಿನ ಮೇಲಿದ್ದ ನಂಬರಿನ ಚೂರುಗಳನ್ನು ಜೋಡಿಸುತ್ತ ನಿಂತ. ಅಕ್ಕ ಪ್ರಿಂಟನ್ನು ಅಂಗಿಗಳ ನಡುವೆ ತಿರುಗಿ ಇಟ್ಟು ಗಂಟು ಕಟ್ಟಿ ಕೊಟ್ಟಳು. "ಹರೀಬೇಡ. ತೋರಿಸಲೂ ಬೇಡ," ಎಂದಳು.

ಆಮೇಲಿನ ತಿಂಗಳುಗಳಲ್ಲಿ ಆ ಅಂಗಡಿಯಲ್ಲಿ ನಡೆದ ನಾಟಕಕ್ಕೆ ಅವನೊಬ್ಬನೇ ಪ್ರೇಕ್ಷಕ. ಅಕ್ಕ ಅಜ್ಜಿಯಂತೆ ಗೋಡೆಯ ಕಡೆ ತಿರುಗಲಿಲ್ಲ. ಮಗಳು ಎದುರಿಗಿದ್ದರೆ ನಿಂತಿರುತ್ತಿದ್ದಳು, ಸೈಕಲ್ ತಿರುವು ದಾಟಿದೊಡನೆ ಕೂರುತ್ತಿದ್ದಳು. ಮಗಳು ಅಂಗಡಿಯಲ್ಲಿ ನಗುತ್ತಿದ್ದಳು, ಹಿಂದಿನ ಒಗೆಯುವ ಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ನಲ್ಲಿಯ ಸದ್ದು ಕೇಳಿದಾಗ ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಹಿಡಿದು ನಿಲ್ಲುತ್ತಿದ್ದಳು. ಬೋರ್ಡಿಗೆ ಹಸಿರು ಬಣ್ಣ ಬಂದಿತು. ಎರಡನೆಯ ಯಂತ್ರ ಎಲ್ಲಿಡುವುದೆಂದು ತಾಯಿ ಮಗಳು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. ಅದು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬಳಿಗೆ ಗೊತ್ತಿದೆಯೆಂದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಆ ಒಂದು ಹೊರೆ ಅವಳಿಗೆ ಬಂದದ್ದು ತಮ್ಮನ ಕೈಯಿಂದ. ಅವನು ಸ್ಟೂಲಿನ ಮೇಲೆ ಕೂತು ಗೆರೆ ಓರೆಯಾಯಿತೆಂದು ರೇಗಿಸುತ್ತಿದ್ದ.

ಚಳಿಗಾಲದ ನಡುವೆ, ಒಂದು ಮಧ್ಯಾಹ್ನ, ಅಕ್ಕ ಹೋದಳು. ಮರಿಯ ಕೈ ಹಿಡಿದುಕೊಂಡು, ಹುಣ್ಣನ್ನು ಬೇಗ ವಾಸಿಮಾಡಿ ಎಂದು ಡಾಕ್ಟರಿಗೆ ಹೇಳು ಎನ್ನುತ್ತ ಹೋದಳು.

ಎಲ್ಲ ಮುಗಿದು, ಅಂಗಡಿ ಮತ್ತೆ ತೆರೆದ ಮೇಲೆ ಮರಿ ಒಂದು ದಿನ ಅವನ ಮನೆಗೆ ಬಂದಳು. ಕೂತಳು. ನೀರು ಕುಡಿದಳು.

"ಮಾಮ, ಅಂಗಡಿ ಗೋಡೆಗೆ ಅಮ್ಮನದೊಂದು ಫೋಟೋ ಹಾಕಬೇಕು. ಮದುವೆ ಫೋಟೋದಲ್ಲಿ ಅಮ್ಮ ಚಿಕ್ಕ ಹುಡುಗಿ, ಗಿರಾಕಿಗಳಿಗೆ ಗುರುತೇ ಸಿಗಲ್ಲ. ನಿಮ್ಮ ಹತ್ರ ಇರಬೇಕಲ್ಲ? ನೀವು ಯಾವಾಗಲಾದ್ರೂ ತೆಗೆದಿದ್ದು?"

ಅವಳ ಬೆನ್ನ ಹಿಂದೆಯೇ ಮೇಜು, ಮೇಜಿನ ಕೆಳಖಾನೆಯಲ್ಲಿ ಅದು. ಕೈಚಾಚಿದರೆ ಸಿಗುತ್ತಿತ್ತು. ಅವನು ನೆಲ ನೋಡಿದ.

"ಇಲ್ಲ ಮರಿ."

"ಒಂದೂ?"

"ಒಂದೂ ಇಲ್ಲ."

ಅವಳು ಅವನನ್ನೇ ನೋಡಿದಳು. ಗೋಡೆಯ ತುಂಬ ನೇತುಹಾಕಿದ್ದ ಟಿಕೆಟ್ ಕಿಟಕಿ, ಸೇತುವೆ, ಗಡಿಯಾರದ ಮುದುಕ, ತುಕ್ಕು ಹಿಡಿದ ಬೀಗ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಊರಿನ ಕಸಕ್ಕೆಲ್ಲ ನಿಮ್ಮ ಹತ್ರ ಫಿಲ್ಮ್ ಇತ್ತು," ಎಂದಳು. ಧ್ವನಿ ಏರಲಿಲ್ಲ. "ಅಮ್ಮ ನಿಮಗೆ ಅಂಗಿ ಇಸ್ತ್ರಿ ಮಾಡಿದ್ದೇ ಬಂತು. ಹೋಗ್ಲಿ ಬಿಡಿ. ಒಂದು ಸಮಾಧಾನ ಇದೆ ನನಗೆ. ಅಮ್ಮನಿಗೆ ಏನೂ ಗೊತ್ತಾಗದ ಹಾಗೆ ಕಳಿಸಿಕೊಟ್ವಿ. ಅದೊಂದನ್ನಾದ್ರೂ ನೀವು ನೆಟ್ಟಗೆ ಮಾಡಿದ್ರಿ."

ಆ ಮಾತಿಗೆ ಅವನು ತಲೆಯೆತ್ತಲಾರದೆ ಹೋದ. ಖಾನೆ ಎಳೆದು ತೋರಿಸಿಬಿಟ್ಟರೆ? ಮಾಮ ಅಮ್ಮನನ್ನು ನೋಡಿದ್ದ ಎಂದು ಅವಳಿಗೆ ತಿಳಿಯುತ್ತದೆ, ಮತ್ತು ಆ ಒಂದು ಸಮಾಧಾನವೂ ಹೋಗುತ್ತದೆ. ಅವನು ಕೂತಲ್ಲೇ ಕೂತ.

ಮರಿ ಕೈಚೀಲದಿಂದ ಒಂದು ಹಳೆಯ ಬಸ್ ಪಾಸ್ ತೆಗೆದಳು. ಅದರ ಮೇಲೆ ಉಗುರಿನಷ್ಟಗಲದ ಅಕ್ಕ. ದುಂಡು ಮುಖ, ಕಾಯಿಲೆಗೂ ಬಹಳ ಮುಂಚಿನದು. ಯಾವುದೋ ಸ್ಟುಡಿಯೋದವನು ತೆಗೆದದ್ದು. "ಇದನ್ನೇ ದೊಡ್ಡದು ಮಾಡಿಕೊಡಿ. ಅಷ್ಟಾದ್ರೂ ಮಾಡಿ," ಎಂದು ಇಟ್ಟು ಹೋದಳು.

ಅವನು ಪಾಸನ್ನು ಹಲಗೆಗೆ ಅಂಟಿಸಿ, ಎರಡೂ ಕಡೆ ದೀಪ ಹಚ್ಚಿ, ಕ್ಯಾಮೆರಾವನ್ನು ಅದರ ಮೇಲ್ಗಡೆ ನಿಲ್ಲಿಸಿ ಫೋಟೋ ತೆಗೆದ. ಬೆರಳು ಕಡಿಯಲಿಲ್ಲ. ದೊಡ್ಡದು ಮಾಡಿದಾಗ ಮುಖ ಸ್ವಲ್ಪ ಮಸುಕಾಯಿತು, ಅದನ್ನು ಸರಿಪಡಿಸಬಹುದಿತ್ತು. ತೊಂದರೆ ಮೊಹರಿನದು. ಕಚೇರಿಯ ಗುಂಡು ಮೊಹರು ಅರ್ಧ ಫೋಟೋದ ಮೇಲೆ ಬಿದ್ದು, ತುಟಿಯ ಕೆಳಗೆ ಗದ್ದವೆಲ್ಲ ಮಸಿಯಲ್ಲಿ ಮುಚ್ಚಿಹೋಗಿತ್ತು. ಅಷ್ಟು ಜಾಗವನ್ನು ಬಣ್ಣದಿಂದ ಮುಚ್ಚಿ, ಗದ್ದವನ್ನು ಸಣ್ಣ ಕುಂಚದಿಂದ ಹೊಸದಾಗಿ ಬರೆಯಬೇಕು. ಫೋಟೋ ತಿದ್ದುವವರಿಗೆ ಅದು ದಿನನಿತ್ಯದ ಕೆಲಸ. ಅವನು ಮಸಿಯನ್ನೆಲ್ಲ ಮುಚ್ಚಿದ. ಕುಂಚ ಅದ್ದಿದ. ಗದ್ದದ ಮೇಲೆ ತಂದು ನಿಲ್ಲಿಸಿದ.

ಹೇಗಿತ್ತು ಅದು?

ಕೆಳಖಾನೆ ತೆಗೆದು ತನ್ನ ಚಿತ್ರ ನೋಡಿದ. ಅಲ್ಲಿದ್ದದ್ದು ಸೊರಗಿ ಚೂಪಾದ ಗದ್ದ; ಈ ದುಂಡು ಮುಖಕ್ಕೆ ಹೊಂದುವಂಥದ್ದಲ್ಲ. ಕಣ್ಣು ಮುಚ್ಚಿ ಕೂತು ನೆನಪು ಮಾಡಿಕೊಂಡ. ಅಕ್ಕನ ಬೈಗುಳ ನೆನಪಾಯಿತು, ಕೈ ನೆನಪಾಯಿತು, ಜ್ವರ ಬಂದಾಗ ಹಣೆಯ ಮೇಲಿಟ್ಟ ಅಂಗೈಯ ಬಿಸಿ ನೆನಪಾಯಿತು. ಗಡಿಯಾರದ ಮುದುಕನ ಗಡ್ಡದ ಒಂದೊಂದು ಕೂದಲನ್ನೂ ಬರೆದು ತೋರಿಸಬಲ್ಲ ಮನುಷ್ಯನಿಗೆ ಹುಟ್ಟಿದಂದಿನಿಂದ ಕಂಡ ಅಕ್ಕನ ಗದ್ದ ನೆನಪಾಗಲಿಲ್ಲ. ದುಂಡಗಿತ್ತೇ? ಕುಳಿ ಇತ್ತೇ?

ಫೋಟೋ ಒಯ್ಯಲು ಮರಿ ಬಂದಾಗ ಅವನು ಇನ್ನೂ ಕಿಟಕಿಯ ಬಳಿ ಕುಂಚ ಹಿಡಿದು ಕೂತಿದ್ದ. ತುಟಿಯ ಕೆಳಗೆ ಖಾಲಿ ಬಿಟ್ಟ ಬಿಳಿ ಜಾಗ.

"ಇನ್ನೂ ಆಗಿಲ್ವಾ?"

"ಮರಿ," ಎಂದ. "ಅಕ್ಕನ ಗದ್ದ ಹೇಗಿತ್ತು?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಫೋಟೋ ನೋಡಿದಳು, ಕುಂಚ ನೋಡಿದಳು, ಅವನ ಮುಖ ನೋಡಿದಳು.

"ನಿಮಗೆ ನೆನಪಿಲ್ವಾ ಮಾಮ?"

"ಇಲ್ಲ."

ಅವಳ ಬಾಯಲ್ಲಿ ಇನ್ನೊಂದು ಕಟುಮಾತು ಸಿದ್ಧವಾಗಿತ್ತು. ಆದರೆ ಆ ಮುದಿ ಕೈ ಕುಂಚವನ್ನು ಇನ್ನೂ ಆ ಬಿಳಿ ಜಾಗದ ಮೇಲೇ ಹಿಡಿದಿರುವುದನ್ನು ಕಂಡು ಅವಳು ಅದನ್ನು ನುಂಗಿಕೊಂಡಳು. ಮೂ​ಲೆಯಲ್ಲಿದ್ದ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಅವನ ಎದುರು ಕೂತಳು. ಮುಖವನ್ನು ಬೆಳಕಿಗೆ ತಿರುಗಿಸಿ ಗದ್ದ ಸ್ವಲ್ಪ ಎತ್ತಿದಳು.

"ನನ್ನ ಥರಾನೇ ಇತ್ತು," ಎಂದಳು. "ನೋಡ್ಕೊಂಡು ಬರೀರಿ."